ಬೈಟು ಕಾಫಿಯಷ್ಟು ಹಗುರ: ಕನ್ನಡದಲ್ಲಿ ಒಂದು ಪ್ರೀತಿಯ ರ‍್ಯಾಪ್ ಕಟ್ಟುವ ಬಗೆ

ನಾನು ಬರೆದ ಮೊದಲ ಪ್ರೀತಿಯ ರ‍್ಯಾಪ್ ಕೇಳಿ ಗೆಳೆಯ ಒಂದೇ ಒಂದು ಪ್ರಶ್ನೆ ಕೇಳಿದ್ದ: "ಯಾರು ಹೋಗ್ಬಿಟ್ರು ಮಗಾ?"

ಅವನ ತಪ್ಪೇನೂ ಇರಲಿಲ್ಲ. ಬೀಟ್ ನಿಮಿಷಕ್ಕೆ 140 ಬಡಿತದ ಟ್ರ್ಯಾಪ್, ಅಂದರೆ ಭಾರದ ಡ್ರಮ್ಸಿನ ರ‍್ಯಾಪ್ ಬಗೆ. ಕಿಟಕಿ ಗಾಜು ನಡುಗುವಂಥ ಬೇಸ್. ಹಿಂದೆ ಅಳುಮುಂಜಿ ಪಿಯಾನೋ. ಅದರ ಮೇಲೆ ನಾನು, ನಿನಗಾಗಿ ಪ್ರಾಣ ಕೊಡ್ತೀನಿ ಅಂತ ಗಂಟಲು ಹರಿದುಕೊಳ್ತಿದ್ದೆ. ಆ ಹುಡುಗಿಗೆ ನನ್ನ ಪ್ರಾಣ ಕಟ್ಟಿಕೊಂಡು ಏನಾಗಬೇಕು? ಸಂಜೆ ಕಾಫಿಗೆ ಬರ್ತೀಯಾ ಅಂದಿದ್ದರೆ ಸಾಕಿತ್ತು.

ಆಮೇಲೆ ತುಂಬಾ ಹಾಡು ಹಾಳು ಮಾಡಿ ಕಲಿತ ವಿಷಯ ಇದು: ಇಂಥ ಹಾಡು ಹಗುರ ಅನ್ನಿಸೋದು ಅದರಲ್ಲಿ ಬಿಟ್ಟಿರುವ ಖಾಲಿ ಜಾಗದಿಂದ. ಬೀಟ್‌ನಲ್ಲಿ ಜಾಗ, ಸಾಲಿನ ಕೊನೆಯಲ್ಲಿ ಜಾಗ, ಹೇಳುವ ಮಾತಿನಲ್ಲೂ ಜಾಗ. ಈ ಲೇಖನದಲ್ಲಿ ಆ ಜಾಗವನ್ನು ಎಲ್ಲೆಲ್ಲಿ ಬಿಡಬೇಕು ಅಂತ ತೋರಿಸುತ್ತೇನೆ. ಕನ್ನಡದಲ್ಲಿ ರ‍್ಯಾಪ್ ಒಗ್ಗುತ್ತದಾ ಅನ್ನೋ ಚರ್ಚೆ ಬೇಡ. ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೊ ಇಂಥವರು ಅದನ್ನು ಎಂದೋ ಮುಗಿಸಿದ್ದಾರೆ.

ಬೇಕಾಗಿರೋದು ಒಂದು ಫೋನು, ಒಂದು ಇಯರ್‌ಫೋನ್, ಬ್ಯಾಂಡ್‌ಲ್ಯಾಬ್ ಥರದ ಒಂದು ಉಚಿತ ಆ್ಯಪ್. ಐಫೋನ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಇದೆ. ಮತ್ತೆ ಎರಡು ಮೂರು ಸಂಜೆ.

ಮೊದಲು: ಸಣ್ಣದೊಂದು ಘಟನೆ ಹಿಡಿಯಿರಿ

ಪ್ರೀತಿಯ ಬಗ್ಗೆ ಬರೆಯಬೇಡಿ. ಅವಳ ಬಗ್ಗೆಯೂ ಬರೆಯಬೇಡಿ, ಅವನ ಬಗ್ಗೆಯೂ ಬೇಡ. ಇಬ್ಬರ ನಡುವೆ ನಡೆದ ಹತ್ತು ಸೆಕೆಂಡಿನ ಬಗ್ಗೆ ಬರೆಯಿರಿ. ಮಳೆ ಬಂದಾಗ ಒಂದೇ ಅಂಗಡಿ ಕೆಳಗೆ ನಿಂತಿದ್ದು. ಅವನು ಎಳನೀರು ಕುಡಿಯುವಾಗ ಅಂಗಿ ಮೇಲೆ ಚೆಲ್ಲಿಕೊಂಡಿದ್ದು. ದರ್ಶಿನಿಯಲ್ಲಿ ಎರಡು ಕಾಫಿ ಹೇಳೋಕೆ ಹೋಗಿ 'ಬೈಟು' ಅಂದುಬಿಟ್ಟಿದ್ದು.

ನಾನು ಈ ಲೇಖನಕ್ಕೆ ಹಿಡಿದಿರುವ ಘಟನೆ: ನಮ್ಮ ಮೆಟ್ರೋದಲ್ಲಿ ದಿನಾ ಕಾಣುವ ಒಬ್ಬಳು ಇಳಿಯುತ್ತಾಳೆ, ನಗೋಕೆ ಶುರು ಮಾಡುತ್ತಾಳೆ, ಅಷ್ಟರಲ್ಲಿ ಬಾಗಿಲು ಮುಚ್ಚಿಬಿಡುತ್ತದೆ. ನಗು ಅರ್ಧಕ್ಕೇ ಕಟ್. ಅಷ್ಟೇ ಕಥೆ.

ಘಟನೆ ಸಾಲುತ್ತದಾ ಅಂತ ನೋಡೋಕೆ ಒಂದು ಪರೀಕ್ಷೆ ಇದೆ. ಅದನ್ನು ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಒಂದೇ ಸಾಲಿನಲ್ಲಿ ಕಳಿಸಿ. "ಆಮೇಲೆ?" ಅಂತ ಉತ್ತರ ಬಂದರೆ ಹಾಡು ಇದೆ. ಬರೀ ಹಾರ್ಟ್ ಬಂದರೆ ಬೇರೆ ಹುಡುಕಿ.

ವೇಗ: ಊಟ ಆದಮೇಲಿನ ನಡಿಗೆ

ಆ್ಯಪ್‌ನಲ್ಲಿ ವೇಗವನ್ನು 90ಕ್ಕೆ ಇಡಿ, ಅಂದರೆ ನಿಮಿಷಕ್ಕೆ 90 ಬಡಿತ. ರಾತ್ರಿ ಊಟ ಮುಗಿಸಿ ಬೀದಿ ತುದಿವರೆಗೆ ಸುಮ್ನೆ ಹೋಗಿ ಬರ್ತೀವಲ್ಲ, ಆ ನಡಿಗೆ ಸುಮಾರು ಇದೇ ವೇಗದ್ದು. 85ರಿಂದ 95ರವರೆಗೆ ಎಲ್ಲಿಟ್ಟರೂ ನಡೆಯುತ್ತದೆ. 80ಕ್ಕಿಂತ ಕೆಳಗೆ ಹೋದರೆ ತೂಕಡಿಕೆ ಬರುತ್ತದೆ. 100 ದಾಟಿದರೆ ಮಾತು ಓಡೋಕೆ ಶುರು, ಓಡುವಾಗ ತುಂಟತನ ಮಾಡೋಕಾಗಲ್ಲ.

90ರ ವೇಗದಲ್ಲಿ ನಾಲ್ಕು ಬಡಿತದ ಒಂದು ಬಾರ್ ಸುಮಾರು 2.67 ಸೆಕೆಂಡ್. 16 ಬಾರ್ ಅಂದರೆ 43 ಸೆಕೆಂಡ್ ಹತ್ತಿರ. ಶುರುವಿಗೆ 4 ಬಾರ್, ಪದ್ಯ 16, ಹುಕ್ (ಮತ್ತೆ ಮತ್ತೆ ಬರುವ, ಜನ ಗುನುಗುವ ಸಾಲು) 8, ಇನ್ನೊಂದು ಪದ್ಯ 16, ಹುಕ್ 8, ಕೊನೆಗೆ ಮತ್ತೆ 8. ಒಟ್ಟು 60 ಬಾರ್, 2 ನಿಮಿಷ 40 ಸೆಕೆಂಡ್. ಇದಕ್ಕಿಂತ ಉದ್ದ ಎಳೆದರೆ ಜೋಕನ್ನು ಎರಡು ಸಲ ಹೇಳಿದ ಹಾಗಾಗುತ್ತದೆ.

ಡ್ರಮ್ಸ್: ಹದಿನಾರು ಮನೆ

ಬೀಟ್ ಮಾಡುವ ಹೆಚ್ಚಿನ ಆ್ಯಪ್‌ಗಳಲ್ಲೂ ಒಂದು ಬಾರ್ ಅನ್ನು 16 ಚೌಕಗಳಾಗಿ ತೋರಿಸುತ್ತಾರೆ. ಚೌಕಾಬಾರ ಆಡಿದವರಿಗೆ ಇದು ಹೊಸದಲ್ಲ, ಹಾಗಾಗಿ ನಾನು ಅವನ್ನು ಮನೆ ಅಂತಲೇ ಕರೀತೀನಿ.

'ಟಪ್' ಅನ್ನೋ ಡ್ರಮ್ಮಿಗೆ ಸ್ನೇರ್ ಅಂತಾರೆ, ಅದನ್ನು 5 ಮತ್ತು 13ನೇ ಮನೆಯಲ್ಲಿ ಇಡಿ. ಇದು ಚಪ್ಪಾಳೆ ಬೀಳುವ ಜಾಗ, ಕದಲಿಸಬೇಡಿ. ಕಿಕ್, ಅಂದರೆ ದಪ್ಪ ದನಿಯ ದೊಡ್ಡ ಡ್ರಮ್, 1ರಲ್ಲಿ ಮತ್ತು 11ರಲ್ಲಿ. ಬೇಕಿದ್ದರೆ 8ರಲ್ಲಿ ಮೆತ್ತಗೆ ಇನ್ನೊಂದು. ಹೈಹ್ಯಾಟ್, ಅಂದರೆ ಸಣ್ಣ ತಾಳದ 'ಟಿಸ್' ಸದ್ದು, ಎಲ್ಲ ಬೆಸ ಮನೆಗಳಲ್ಲಿ, 16ನೇ ಮನೆಯಲ್ಲಿ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣದೊಂದು.

ಈಗ ಪ್ಲೇ ಒತ್ತಿ. ಗೋಡೆಗೆ ಮೊಳೆ ಹೊಡೆದ ಹಾಗೆ ಕೇಳಿಸುತ್ತದೆ ಅಲ್ವಾ? ಎಲ್ಲ ಕರಾರುವಾಕ್ಕಾಗಿ ಬೀಳುತ್ತಿರುವುದೇ ಕಾರಣ. ಸ್ವಿಂಗ್ ಅನ್ನೋ ಗುಂಡಿ ಹುಡುಕಿ. ಅದು ಸಮ ಸಂಖ್ಯೆಯ ಮನೆಗಳನ್ನು ಸ್ವಲ್ಪ ತಡ ಮಾಡುತ್ತದೆ. 50 ಅಂದರೆ ತಡವೇ ಇಲ್ಲ. 58ಕ್ಕೆ ತಿರುಗಿಸಿ. 90ರ ವೇಗದಲ್ಲಿ ಒಂದು ಮನೆ 167 ಮಿಲಿಸೆಕೆಂಡ್, ಸ್ವಿಂಗ್ ಹಾಕಿದಾಗ ಸಮ ಮನೆಗಳು ಸುಮಾರು 27 ಮಿಲಿಸೆಕೆಂಡ್ ಹಿಂದೆ ಬೀಳುತ್ತವೆ. ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ. ಆದರೂ ಅದೇ ಬೀಟ್ ಈಗ ಸೊಂಟ ಅಲ್ಲಾಡಿಸುತ್ತದೆ. ಕೆಲವು ಆ್ಯಪ್‌ಗಳಲ್ಲಿ ಸ್ವಿಂಗ್ 0ಯಿಂದ 100ರವರೆಗೆ ಇರುತ್ತದೆ, ಅಲ್ಲಿ ಕಿವಿ ಹೇಳಿದಲ್ಲಿ ನಿಲ್ಲಿಸಿ. ಕುಂಟುತ್ತಿದೆ ಅನ್ನಿಸಿದರೆ ಜಾಸ್ತಿಯಾಯ್ತು ಅಂತ ಅರ್ಥ.

ಬೇಸ್ ಬಗ್ಗೆ ಒಂದು ಮಾತು. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರದ ಕಿಕ್ ಸದ್ದನ್ನು ಉದ್ದ ಎಳೆದು ಮಾಡುವ ಆ 'ಡೂಂ' ಬೇಸ್ ಎಲ್ಲರಿಗೂ ಇಷ್ಟ, ನನಗೂ. ಆದರೆ ಅದು ಬಂದ ಕೂಡಲೇ ಹಾಡಿಗೆ ಎದೆ ಉಬ್ಬುತ್ತದೆ, ಹುಬ್ಬು ಗಂಟಿಕ್ಕುತ್ತದೆ. ನಮಗೆ ಬೇಕಿರೋದು ದುಂಡಗಿನ, ಗಿಡ್ಡ ಬೇಸ್. ಬಂದು ಹೋಗಿಬಿಡಬೇಕು.

ಸ್ವರ: ಹೇಳೋಕೆ ಹೋಗಿ ತಡೆದುಕೊಂಡ ಹಾಗೆ

ಈ ಬಗೆಯ ಹಾಡಿನ ಮೂಡು ಮುಕ್ಕಾಲು ಪಾಲು ಒಂದು ಕಾರ್ಡ್‌ನಲ್ಲಿ ಇದೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಈ ಕಾರ್ಡಿನ ಹೆಸರು ಮೇಜರ್ ಸೆವೆಂತ್. ಸಂಗೀತ ಕಲಿತವರಿಗೆ ಹೀಗೆ ಹೇಳಬಹುದು: ಸ, ಅಂತರ ಗಾಂಧಾರ, ಪ, ಕಾಕಲಿ ನಿಷಾದ, ನಾಲ್ಕನ್ನೂ ಒಟ್ಟಿಗೆ ಒತ್ತಿ. ಬರೀ ಸ-ಗ-ಪ ಒತ್ತಿದರೆ ಹುಟ್ಟುಹಬ್ಬದ ಖುಷಿ, ಎಲ್ಲ ಸ್ಪಷ್ಟ. ಅದಕ್ಕೆ ನಿಷಾದ ಸೇರಿದ ಕೂಡಲೇ ಒಂದು ಸಣ್ಣ ತವಕ ಬರುತ್ತದೆ. ಮೇಲಿನ ಷಡ್ಜ ಅರ್ಧ ಸ್ವರದಷ್ಟು ಹತ್ತಿರದಲ್ಲೇ ಇದೆ, ನಿಷಾದ ಮಾತ್ರ ಅಲ್ಲಿಗೆ ಹೋಗುತ್ತಿಲ್ಲ. ಫೋನ್ ನಂಬರ್ ಕೇಳಬೇಕು ಅಂತ ಬಾಯಿ ತೆರೆದು, "ಟೈಮ್ ಎಷ್ಟು?" ಅಂತ ಕೇಳುವವನ ಹಾಗೆ.

ಕೀಬೋರ್ಡ್‌ನಲ್ಲಿ ಬಿಳಿ ಕೀಗಳಷ್ಟೇ ಸಾಕು. ಎಫ್-ಎ-ಸಿ-ಇ. ಆಮೇಲೆ ಇ-ಜಿ-ಬಿ-ಡಿ. ಆಮೇಲೆ ಡಿ-ಎಫ್-ಎ-ಸಿ. ಕೊನೆಗೆ ಸಿ-ಇ-ಜಿ-ಬಿ. ಒಂದೊಂದಕ್ಕೆ ಒಂದು ಬಾರ್, ನಾಲ್ಕು ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮೆಟ್ಟಿಲಿಳಿದು ಬಂದ ಹಾಗಿರುತ್ತದೆ. ಮೊದಲನೆಯದೂ ಕೊನೆಯದೂ ಮೇಜರ್ ಸೆವೆಂತ್, ನಡುವಿನ ಎರಡು ಮೈನರ್ ಸೆವೆಂತ್. ಆ ನಡುವಿನ ಎರಡರಿಂದ ಚೂರು ಮಂಕು ಬರುತ್ತದೆ. ಅದು ಬೇಕು. ಬರೀ ಸಿಹಿಯಾದರೆ ಜಾಹೀರಾತಿನ ಹಾಡಾಗುತ್ತದೆ.

ವಾದ್ಯಕ್ಕೆ 'ಎಲೆಕ್ಟ್ರಿಕ್ ಪಿಯಾನೋ' ಆರಿಸಿ. ಗಂಟೆಗೆ ಬಟ್ಟೆ ಸುತ್ತಿ ಹೊಡೆದ ಹಾಗಿನ ಸದ್ದು ಅದರದ್ದು. ಅದರ ಚೂಪಾದ ಮೇಲಿನ ಭಾಗವನ್ನು ಫಿಲ್ಟರ್ ಹಾಕಿ ಇನ್ನಷ್ಟು ಮೊಂಡು ಮಾಡಿ, ಪಕ್ಕದ ರೂಮಿನಿಂದ ಕೇಳಿಸುವಷ್ಟು. ಹಾಡುವ ದನಿಗೆ ಆಗ ಮುಂದೆ ಜಾಗ ಸಿಗುತ್ತದೆ.

ಇದರ ಮೇಲೆ ಹಳೆ ರೆಕಾರ್ಡಿನ ಚರಚರ ಸದ್ದು ಸುರಿಯುವುದು ಈಗ ಎಲ್ಲರ ಚಟ. ಅದರ ಬದಲು ನಿಮ್ಮ ಅಡುಗೆಮನೆಗೆ ಹೋಗಿ. ಲೋಟದಿಂದ ದಬರಿಗೆ ಕಾಫಿ ಎತ್ತಿ ಹೊಯ್ಯುವ ಸದ್ದು, ಸ್ಟೀಲ್ ಲೋಟಕ್ಕೆ ಚಮಚ ತಾಗುವ 'ಟಿಣ್'. ಫೋನಿನಲ್ಲೇ ರೆಕಾರ್ಡ್ ಮಾಡಿ. ಆ 'ಟಿಣ್' ಅನ್ನು ನಾಲ್ಕು ಬಾರ್‌ಗೊಮ್ಮೆ 16ನೇ ಮನೆಯಲ್ಲಿ ಇಟ್ಟು ನೋಡಿ. ನಾನು ಒಮ್ಮೆ ಇಟ್ಟೆ, ಆಮೇಲೆ ತೆಗೆಯೋಕೆ ಮನಸ್ಸೇ ಬರಲಿಲ್ಲ.

ಮಾತು: ಇಲ್ಲಿ ಜಾಸ್ತಿ ಹೊತ್ತು ಕೂರಬೇಕು

ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ. ಆಗ ಇದು ಯಾವ ಜನ್ಮಕ್ಕೆ ಬೇಕು ಅಂತ ಬೈಕೊಂಡಿದ್ದೆವು. ಈಗ ಬೇಕಾಯಿತು. ಒಂದು ಬಾರ್‌ನಲ್ಲಿ 16 ಮನೆ, ಒಂದು ಲಘುವಿಗೆ ಒಂದು ಮನೆ, ಗುರುವಿಗೆ ಎರಡು. ಕನ್ನಡ ರ‍್ಯಾಪ್ ಬರೆಯೋಕೆ ಇದಕ್ಕಿಂತ ಒಳ್ಳೆ ಅಳತೆಪಟ್ಟಿ ನನಗೆ ಸಿಕ್ಕಿಲ್ಲ.

ಮೊದಲು ಒಂದು ಕೆಟ್ಟ ಸಾಲು ನೋಡಿ:

ಚಂದಿರನಂತಹ ನಿನ್ನಯ ಮೊಗವು

ಎಣಿಸಿದರೆ 4, 4, 4, 3. ಅಳತೆ ಹೆಚ್ಚುಕಮ್ಮಿ ಸರಿಯಾಗಿದೆ, ಮೂಡು ಮಾತ್ರ ಸತ್ತು ಮಲಗಿದೆ. 'ನಿನ್ನಯ ಮೊಗವು' ಅಂತ ಯಾವ ಹುಡುಗ ಯಾವ ಹುಡುಗಿಗೆ ಯಾವ ಬಸ್‌ಸ್ಟಾಪಿನಲ್ಲಿ ಹೇಳಿದ್ದಾನೆ? ಬಾಯಲ್ಲಿ ಬರದ ಮಾತು ಹಾಡಲ್ಲೂ ಬೇಡ. ಈಗ ನಮ್ಮ ಮೆಟ್ರೋ ಘಟನೆ:

ಮೆಟ್ರೋ ಬಾಗಿಲು ಮುಚ್ಚೋ ಹೊತ್ತಿಗೆ
ಬಿಟ್ಟೇ ಹೋದೆ ಅರ್ಧ ನಗೂನ
ಮಿಕ್ಕಿದ್ದರ್ಧ ಇಸ್ಕೊಳ್ಳೋಕೆ
ನಾಳೆನೂ ಅದೇ ಟ್ರೈನು

ಮೊದಲ ಸಾಲು ನಾಲ್ಕು ನಾಲ್ಕರಂತೆ 16 ಮನೆಯನ್ನೂ ತುಂಬಿದೆ. ಪ್ರತಿ ಪದವೂ ಬಡಿತದ ಮೇಲೇ ಬೀಳುತ್ತದೆ. ಕೇಳುವವರಿಗೆ ನೆಲ ಸಿಕ್ಕಿತು. ಎರಡನೇ ಸಾಲಿನಲ್ಲಿ ಆ ನೆಲವನ್ನು ಸ್ವಲ್ಪ ಅಲ್ಲಾಡಿಸಬೇಕು. ಬಿಟ್ಟೇ 4, ಹೋದೆ 3, ಅರ್ಧ 3, ನಗೂನ 4. ಒಟ್ಟು 14, ಎರಡು ಮನೆ ಖಾಲಿ. 'ಹೋದೆ' ಮೂರೇ ಮಾತ್ರೆ ಆಗಿದ್ದರಿಂದ 'ಅರ್ಧ' 8ನೇ ಮನೆಗೇ ಶುರುವಾಗಿಬಿಟ್ಟಿತು, ಮೂರನೇ ಬಡಿತಕ್ಕಿಂತ ಒಂದು ಮನೆ ಮೊದಲೇ. 'ಗೂ' ಕೂಡ ಸ್ನೇರ್‌ಗಿಂತ ಒಂದು ಮನೆ ಮುಂಚೆ ಬಂತು. ಮೆಟ್ಟಿಲು ಹತ್ತುವಾಗ ಚೂರು ಎಡವಿ ಏನೂ ಆಗಿಲ್ಲವೆಂಬಂತೆ ನಡೆದ ಹಾಗೆ. ಹಗುರ ಹಾಡಿನ ಗುಟ್ಟು ಈ ಎಡವುವಿಕೆಯಲ್ಲಿದೆ.

ಇದನ್ನು ಬಾಯಿಗೆ ಕೂರಿಸೋಕೆ ಮೃದಂಗದವರ ಕೊನ್ನಕ್ಕೋಲ್, ಅಂದರೆ ಬಾಯಲ್ಲಿ ಹೇಳುವ ತಾಳದ ಸೊಲ್ಲು, ಬಳಸಿ. ತಕಧಿಮಿ, ತಕಿಟ, ತಕಿಟ, ತಕಧಿಮಿ, ಎರಡು ಎಣಿಕೆ ಸುಮ್ಮನೆ. ಬೀಟ್ ಹಾಕಿಕೊಂಡು ಹತ್ತು ಸಲ ಹೇಳಿ, ಹನ್ನೊಂದನೇ ಸಲ ಪದ ಹಾಕಿ. ತಾನಾಗೇ ಕೂರುತ್ತದೆ.

ಮೂರನೇ ಸಾಲು 7 ಮತ್ತು 7, ಮತ್ತೆ 14. ಅಂದಹಾಗೆ 14 ಮಾತ್ರೆ ನಮಗೆ ಹೊಸತಲ್ಲ. ಕುಮಾರವ್ಯಾಸ ಭಾರತದ ಕಥೆ ಹೇಳಿದ ಭಾಮಿನಿ ಷಟ್ಪದಿಯ ಚಿಕ್ಕ ಸಾಲುಗಳೂ 3-4-3-4, ಒಟ್ಟು 14. ಅದಕ್ಕೆ ಎರಡು ಮನೆ ಉಸಿರು ಸೇರಿಸಿದರೆ ಸರಿಯಾಗಿ ಒಂದು ಬಾರ್. ಗಮಕಿಗಳು ಯಾರಾದರೂ ಓದುತ್ತಿದ್ದರೆ ಕ್ಷಮಿಸಿಬಿಡಿ.

ನಾಲ್ಕನೇ ಸಾಲು ಬರೀ 11. ಐದು ಮನೆ ಖಾಲಿ. 'ಟ್ರೈನು' ಮುಗಿದ ಮೇಲೆ ಯಾರೂ ಮಾತಾಡುವುದಿಲ್ಲ, 13ನೇ ಮನೆಯಲ್ಲಿ ಸ್ನೇರ್ ಒಂದೇ 'ಟಪ್' ಅನ್ನುತ್ತದೆ. ಕೇಳುವವರು ನಗೋದು ಅಲ್ಲಿ. ಹೊಸಬರು ಈ ಐದು ಮನೆ ನೋಡಿ ಹೆದರಿ, 'ಓ ಪ್ರಿಯೆ' ಅಂತ ತುರುಕುತ್ತಾರೆ. ತುರುಕಬೇಡಿ.

ಪ್ರಾಸದ ವಿಷಯಕ್ಕೆ ಬಂದರೆ, ಕನ್ನಡದಲ್ಲಿ ಅಂತ್ಯಪ್ರಾಸ ತುಂಬಾ ಅಗ್ಗ. ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ 'ಬಂದಿದೆ-ನಿಂತಿದೆ-ಕೂತಿದೆ' ಅಂತ ರಾತ್ರಿಯಿಡೀ ಬರೆಯಬಹುದು. ಕಿವಿಗೆ ಅದು ಪ್ರಾಸ ಅನ್ನಿಸೋದೇ ಇಲ್ಲ. ನಮ್ಮ ಹಳಬರು ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರು. ರ‍್ಯಾಪ್‌ಗೆ ಅದು ಹೇಳಿ ಮಾಡಿಸಿದ ಹಾಗಿದೆ. ಮೇಲೆ 'ಮೆಟ್ರೋ-ಬಿಟ್ಟೇ' ನೋಡಿ. ಪಂಡಿತರು ಟ್ರ ಬೇರೆ, ಟ್ಟ ಬೇರೆ ಅನ್ನಬಹುದು, ಕಿವಿಗೆ ಎರಡೂ ಒಂದೇ ಪೆಟ್ಟು. ಕೊನೆಯಲ್ಲಿ ಕ್ರಿಯಾಪದ ತಪ್ಪಿಸಿ ನಾಮಪದ ಇಟ್ಟರೆ ಅಲ್ಲೂ ಪ್ರಾಸಕ್ಕೆ ಬೆಲೆ ಬರುತ್ತದೆ: ನಗೂನ, ಟ್ರೈನು.

ನಿಮ್ಮೂರಿನ ಮಾತಲ್ಲೇ ಬರೆಯಿರಿ, ಮಧ್ಯೆ ಬದಲಿಸಬೇಡಿ. ಬೆಂಗಳೂರಿನ 'ಏನ್ ಮಾಡ್ತಿದೀಯ' ಎಂಟು ಮಾತ್ರೆ, ಸರಿಯಾಗಿ ಅರ್ಧ ಬಾರ್. ಧಾರವಾಡದ 'ಏನ್ ಮಾಡಾಕತ್ತಿ' ಒಂಬತ್ತು, ಮುಂದಿನ ಬಡಿತಕ್ಕೆ ಒಂದು ಮನೆ ಕಾಲು ಚಾಚುತ್ತದೆ. ಆ ಚಾಚುವಿಕೆಯೇ ಅದರ ಗತ್ತು. ಮಂಗಳೂರಿನವರು 'ಮಾರಾಯ್ತಿ' ಅಂತ ಎಳೆದರೆ ಐದು ಮನೆ ಹೋಯಿತು, ಆದರೆ ಅಷ್ಟರಲ್ಲೇ ಹುಡುಗಿ ತಿರುಗಿ ನೋಡಿರುತ್ತಾಳೆ. ಮೈಸೂರಿನವರಿಗೆ 'ಕಣೇ' ಇದೆ. ಎಲ್ಲ ಬೆರೆಸಿದರೆ ಯಾರದೂ ಅಲ್ಲದ ಹಾಡಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ತಮಾಷೆ ನಿಮ್ಮ ಮೇಲೆ ಇರಲಿ. ಪೆದ್ದನಾಗುವವನು ಹಾಡುವವನೇ ಆಗಬೇಕು. ಬೇಡ ಅಂದರೂ ಬೆನ್ನು ಬೀಳುವುದನ್ನು ನಮ್ಮಲ್ಲಿ ಪ್ರೀತಿ ಅಂತ ಹಾಡಿ ಹಾಡಿ ಸಾಕಾಗಿದೆ. ಎರಡನೇ ಪದ್ಯದಲ್ಲಿ ಆಚೆ ಕಡೆಯವರಿಗೂ ಒಂದು ಸಾಲು ಕೊಡಿ. "ಟಿಕೆಟ್ ದುಡ್ಡು ಯಾರು ಕೊಡ್ತಾರೆ?" ಅಂತ ಅವಳು ಕೇಳಿದರೂ ಸಾಕು, ಹಾಡಲ್ಲಿ ಇಬ್ಬರಿದ್ದಾರೆ ಅಂತ ಗೊತ್ತಾಗುತ್ತದೆ.

ಹುಕ್: ಚೆನ್ನಾಗಿ ಹಾಡೋಕೆ ಬರದಿದ್ದರೂ ನೀವೇ ಹಾಡಿ

1989ರಲ್ಲಿ ನ್ಯೂಯಾರ್ಕಿನ ರ‍್ಯಾಪರ್ ಬಿಜ್ ಮಾರ್ಕಿ 'ಜಸ್ಟ್ ಎ ಫ್ರೆಂಡ್' ಅನ್ನೋ ಹಾಡು ಮಾಡಿದ. ಅದರ ಹುಕ್ 1968ರ ಸೋಲ್ ಸಂಗೀತದ ಒಂದು ಹಾಡಿನಿಂದ ಬಂದಿದ್ದು. ಅದನ್ನು ಅವನೇ ಹಾಡಿದ್ದಾನೆ, ಶ್ರುತಿ ಎಲ್ಲೋ, ಅವನೆಲ್ಲೋ. ಆ ಹಾಡು 1990ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಏರಿತು. ಪ್ರೀತಿಯಲ್ಲಿ ಮೋಸ ಹೋದವನು ಬಾತ್‌ರೂಮಿನಲ್ಲಿ ಅರಚಿದ ಹಾಗಿರುವುದರಿಂದಲೇ ಅದು ಮುದ್ದಾಗಿದೆ. ನುರಿತ ಗಾಯಕ ಹಾಡಿದ್ದರೆ ಬರೀ ಇನ್ನೊಂದು ವಿರಹಗೀತೆ ಆಗುತ್ತಿತ್ತು.

ಹಾಗಾಗಿ ಹುಕ್‌ಗೆ ಮೂರು ನಾಲ್ಕು ಸ್ವರ ಸಾಕು. ನನ್ನದು:

ಬೈಟು ಕಾಫಿ ಸಾಕು ಬಾ
ನೊರೆ ನಿಂಗೆ, ಬಿಸಿ ನಂಗೆ

11 ಮಾತ್ರೆ, ಮತ್ತೆ 10. ಎರಡೂ ಸಾಲಿನಲ್ಲಿ ಬೇಕಾದಷ್ಟು ಜಾಗ. 'ಬಾ' ಅನ್ನು ಸ್ವಲ್ಪ ಮೇಲೆತ್ತಿ ಹಾಗೇ ಬಿಟ್ಟುಬಿಡಿ. ಎರಡನೇ ಸಲ ಕೇಳುವಾಗ ಜನ ಜತೆಗೆ ಗುನುಗಬೇಕು. ಗುನುಗದಿದ್ದರೆ ಪದ ಕಡಿಮೆ ಮಾಡಿ, ರಾಗ ಬದಲಿಸೋಕೆ ಹೋಗಬೇಡಿ.

ರೆಕಾರ್ಡಿಂಗ್: ಸೀರೆ ಬೀರುವಿನ ಮುಂದೆ

ಸ್ಟುಡಿಯೋ ಬೇಡ. ಅಮ್ಮನ ಸೀರೆ ಬೀರು ತೆರೆದು, ಅದಕ್ಕೆ ಮುಖ ಮಾಡಿ ನಿಂತು ಹಾಡಿ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ, ಗೋಡೆಯ ಮಾರ್ದನಿ ಬರಲ್ಲ. ಫ್ಯಾನ್ ಆಫ್ ಮಾಡಿ. ಕುಕ್ಕರ್ ಇಳಿಸಿದ್ದಾರಾ ಕೇಳಿಕೊಳ್ಳಿ. ಮೈಕ್ ಬಾಯಿಂದ ಒಂದು ಗೇಣು ದೂರ, ಚೂರು ಪಕ್ಕಕ್ಕೆ. ಆಗ 'ಪ', 'ಬ' ಅನ್ನುವಾಗ ಗಾಳಿ ಹೊಡೆಯಲ್ಲ.

ದನಿ ಎತ್ತರಿಸಬೇಡಿ. ಪಕ್ಕದ ಸೀಟಿನವರಿಗೆ ಹೇಳುವಷ್ಟು ಸಾಕು. ಮತ್ತೆ, ನಗುತ್ತಾ ಹಾಡಿ. ಇದು ಸುಮ್ನೆ ಹೇಳೋ ಮಾತಲ್ಲ. ನಕ್ಕಾಗ ತುಟಿ ಅಗಲವಾಗಿ ಬಾಯೊಳಗಿನ ಕೊಳವೆ ಗಿಡ್ಡವಾಗುತ್ತದೆ, ದನಿಯ ಬಣ್ಣ ತೆಳುವಾಗಿ ಬೆಳಗುತ್ತದೆ. ಫೋನಿನಲ್ಲಿ ಮಾತಾಡುವವರು ನಗುತ್ತಿದ್ದಾರಾ ಅಂತ ನೋಡದೆಯೇ ಗೊತ್ತಾಗುತ್ತದಲ್ಲ, ಅದಕ್ಕೇ.

ಪೂರ್ತಿ ಪದ್ಯ ಹಾಡಿದ ಮೇಲೆ ಇನ್ನೊಂದು ಟ್ರ್ಯಾಕ್ ತೆಗೆದು ಬರೀ ಸಾಲಿನ ಕೊನೆಯ ಪದಗಳನ್ನು ಹಾಡಿ, ಮೆತ್ತಗೆ. ಮೂರನೆಯದರಲ್ಲಿ 'ಹೂಂ', 'ಅಯ್ಯೋ', 'ಹೌದಾ' ಥರದ ಉದ್ಗಾರ. ಪದ್ಯಕ್ಕೆ ಮೂರು ನಾಲ್ಕು, ಅಷ್ಟೇ.

ಮಿಕ್ಸಿಂಗ್, ಬೇಗ ಮುಗಿಸೋಣ

ದನಿಯಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ, ಅಲ್ಲಿರೋದು ಬರೀ ಗುಡುಗುಡು. ರಿವರ್ಬ್, ಅಂದರೆ ಮಾರ್ದನಿ, ಹಾಕಿಲ್ಲವೇನೋ ಅನ್ನುವಷ್ಟು ಹಾಕಿ. ದೊಡ್ಡ ದೇವಸ್ಥಾನದ ಮಾರ್ದನಿ ಬಂದರೆ ಮತ್ತೆ 'ಯಾರು ಹೋಗ್ಬಿಟ್ರು' ಆಗುತ್ತದೆ. ಎಕೋ ಬೇಕಿದ್ದರೆ ಹುಕ್‌ನ 'ಬಾ' ಮೇಲೆ ಮಾತ್ರ, 667 ಮಿಲಿಸೆಕೆಂಡ್, ಅಂದರೆ ಸರಿಯಾಗಿ ಒಂದು ಬಡಿತ. ಕೊನೆಗೆ ಜೋರು ಮಾಡೋಕೆ ಒದ್ದಾಡಬೇಡಿ. ಸ್ಪಾಟಿಫೈ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಎಷ್ಟು ಜೋರಿದೆ ಅಂತ ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ. ನೀವು ಹಿಂಡಿ ಹಿಂಡಿ ಜೋರು ಮಾಡಿದ್ದನ್ನು ಅವರು ಇಳಿಸುತ್ತಾರೆ, ಉಳಿಯೋದು ಹಿಂಡಿದ ಗುರುತು ಮಾತ್ರ.

ಹೊರಗೆ ಬಿಡುವ ಮುಂಚೆ

ಹಳೆ ಸಿನಿಮಾ ಹಾಡಿನ ನಾಲ್ಕು ಸೆಕೆಂಡ್ ತೆಗೆದು ಲೂಪ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮತ್ತೆ ಬಿಜ್ ಮಾರ್ಕಿಯೇ ಪಾಠ. ಐರ್ಲೆಂಡ್ ಮೂಲದ ಗಾಯಕ ಗಿಲ್ಬರ್ಟ್ ಓ'ಸಲಿವನ್ ಅವರ ಹಾಡಿನ ತುಣುಕನ್ನು ಒಪ್ಪಿಗೆಯಿಲ್ಲದೆ ಬಳಸಿದ್ದಕ್ಕೆ ಕೇಸ್ ಬಿತ್ತು. 1991ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಬೈಬಲಿನ 'ಕದಿಯಬಾರದು' ಅನ್ನೋ ಆಜ್ಞೆಯಿಂದಲೇ ತೀರ್ಪು ಶುರು ಮಾಡಿದರು. ನಮ್ಮಲ್ಲೂ ಧ್ವನಿಮುದ್ರಣ ಹೊರಬಂದು 60 ವರ್ಷದವರೆಗೆ ಹಕ್ಕು ಇರುತ್ತದೆ, ರಾಗ ಮತ್ತು ಸಾಹಿತ್ಯದ ಹಕ್ಕು ಬೇರೆ. ಯೂಟ್ಯೂಬಿನಲ್ಲಿ 'ಫ್ರೀ ಬೀಟ್' ಅಂತ ಸಿಗುವುದರಲ್ಲೂ ಎಷ್ಟೋ 'ದುಡ್ಡು ಮಾಡದಿದ್ದರೆ ಮಾತ್ರ ಫ್ರೀ'. ಕೆಳಗಿನ ಸಣ್ಣ ಅಕ್ಷರ ಓದಿ. ನೀವೇ ಒತ್ತಿದ ನಾಲ್ಕು ಕಾರ್ಡ್‌ಗೆ, ನಿಮ್ಮ ಮನೆ ಚಮಚದ ಸದ್ದಿಗೆ ಯಾರೂ ಕೇಸ್ ಹಾಕಲ್ಲ.

ಹಾಡನ್ನು ಒಬ್ಬರಿಗೆ ಕೇಳಿಸಿ. ಅವರು ಈರುಳ್ಳಿ ಹೆಚ್ಚುವಾಗಲೋ, ಬಟ್ಟೆ ಮಡಚುವಾಗಲೋ ಕೇಳಿಸಿ, ಏನೂ ಹೇಳಬೇಡಿ. "ಬೀಟ್ ಸೂಪರ್" ಅಂದರೆ ಇನ್ನೂ ಕೆಲಸ ಇದೆ. ನನ್ನ ಅದೇ ಗೆಳೆಯ ಮೆಟ್ರೋ ಸಾಲು ಕೇಳಿ ಫೋನಿನಿಂದ ತಲೆ ಎತ್ತಿ, "ಮಾರನೇ ದಿನ ಬಂದ್ಲಾ?" ಅಂದ. ಅವತ್ತು ನಾನು ಫೈಲ್ ಸೇವ್ ಮಾಡಿದೆ.

ಹಾಡಿನಲ್ಲಿರುವವರು ನಿಜವಾದವರಾಗಿದ್ದರೆ ಅವರ ಹೆಸರು, ಸ್ಟೇಷನ್, ಆಫೀಸು ಯಾವುದೂ ಸಾಹಿತ್ಯದಲ್ಲಿ ಬೇಡ. ಅಪ್‌ಲೋಡ್ ಮಾಡುವ ಮುಂಚೆ ಅವರಿಗೆ ಕೇಳಿಸಿ, ಹಾಕಲಾ ಅಂತ ಕೇಳಿ. ಬೇಡ ಅಂದರೆ ಬೇಡ. ಕೇಳಿಸೋಕೆ ಧೈರ್ಯ ಬರದಿದ್ದರೆ ಮೆಟ್ರೋವನ್ನು ಬಸ್ ಮಾಡಿ. 'ಬಸ್ಸಿನ' ಕೂಡ ನಾಲ್ಕೇ ಮಾತ್ರೆ, ಸರಿಯಾಗಿ ಕೂರುತ್ತದೆ.